ದಾವಲಬಿಯ ನೀರಿನ ಗಡಿಗೆ

ನಾಲತವಾಡದ ಹಳೆ ವಾಡೆಯ ಹಿಂದಿನ ಓಣಿಯಲ್ಲಿ ದಾವಲಬಿಯ ಮನೆ ಯಾವುದು ಎಂದು ಕೇಳಿದರೆ, "ಯಾವ ದಾವಲಬಿ?" ಎನ್ನುತ್ತಿದ್ದರು. ಮಣ್ಣು ನೆಕ್ಕುವ ದಾವಲಬಿ ಎಂದರೆ ಮಾತ್ರ ಬಾಗಿಲತನಕ ಬಂದು ಬಿಟ್ಟು ಹೋಗುತ್ತಿದ್ದರು. ಅದು ತವರಿನಿಂದ ಬಂದ ಹೆಸರು. ಆಕೆಯ ಅಪ್ಪ ಗುಡುಸಾಬ ಉರುಸಿಗೆ, ಮದುವೆಗೆ ಬಾಣ ಬಿರುಸು ಕಟ್ಟಿಕೊಡುವವನು. ಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ಅವನು ಅಂಗಡಿಯಿಂದ ತರುತ್ತಿರಲಿಲ್ಲ. ಹಾಳು ಗೋಡೆಗಳ ಬುಡದಲ್ಲಿ, ದನದ ಕೊಟ್ಟಿಗೆಯ ಮೂಲೆಯಲ್ಲಿ ಬಿಳಿ ಬೂಷ್ಟಿನಂತೆ ಏಳುವ ಮಣ್ಣನ್ನು ಕೆರೆದು, ನೆನೆಸಿ, ಸೋಸಿ, ಆ ನೀರನ್ನು ಕಡಾಯಿಯಲ್ಲಿ ಕುದಿಸಿ ಕುದಿಸಿ ಇಳಿಸುತ್ತಿದ್ದ. ಅವರ ಮನೆಯಲ್ಲಿ ಅದಕ್ಕೆ ಸೋರಾ ಎನ್ನುತ್ತಿದ್ದರು. ಯಾವ ಗೋಡೆಯ ಮಣ್ಣು ಒಳ್ಳೆಯದು ಎಂದು ನೋಡಲು ಮಗಳ ನಾಲಿಗೆಯೇ ತಕ್ಕಡಿ.

"ಉಪ್ಪು ಬಾಯಿಗೆ ಬಡಿತೈತಿ, ಸೋರಾ ಬಾಯಾಗ ತಣ್ಣಗ ಕುಂಡ್ರತೈತಿ. ನಾಲಿಗಿ ಸುಳ್ಳ ಹೇಳಿದ್ರ ಕೆಂಡಕ್ಕ ಹಾಕಿ ನೋಡು. ಉಪ್ಪು ಚಟಪಟ ಅಂತೈತಿ, ಸೋರಾ ಸುರ್ ಅಂತೈತಿ" ಎನ್ನುತ್ತಿದ್ದ ಅಪ್ಪ.

ಪರವಾನಗಿಯ ಕಾಯಿದೆ ಬಿಗಿಯಾಗಿ ಅಪ್ಪನ ಕಡಾಯಿ ಮಗುಚಿ ಬಿತ್ತು. ದಾವಲಬಿ ನಾಲತವಾಡಕ್ಕೆ ಸೊಸೆಯಾಗಿ ಬಂದಳು, ಕೌದಿ ಹೊಲಿದಳು, ಗಂಡನನ್ನು ಮಣ್ಣಿಗಿಟ್ಟಳು, ಮಗ ಇಸಾಕನನ್ನು ಸೈಕಲ್ ದುರಸ್ತಿಯ ಕೆಲಸಕ್ಕೆ ಹಚ್ಚಿದಳು. ಮಣ್ಣಿನ ರುಚಿ ಮರೆತೇ ಹೋಗಿತ್ತು. ಓಣಿಯವರು ಮಾತ್ರ ಮರೆತಿರಲಿಲ್ಲ.

ನಾಡು ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಆ ಚಳಿಗಾಲ ಇಸಾಕನ ಹೆಂಡತಿ ಅಬಿದಾ ಹೆಣ್ಣು ಹಡೆದಳು. ಹಡೆದ ಹದಿನೈದು ದಿನಕ್ಕೆ ಕೆಮ್ಮಿನಲ್ಲಿ ರಕ್ತ ಕಂಡಿತು. ಮಿರಜದ ದವಾಖಾನೆಯಲ್ಲಿ ಏಳೆಂಟು ತಿಂಗಳು ಇರಬೇಕು, ಕೂಸಿಗೆ ಮೊಲೆ ಕೊಡಬಾರದು ಎಂದರು. ಅಬಿದಾ ಗಾಡಿ ಹತ್ತುವಾಗ ಕೂಸನ್ನು ಮುಟ್ಟಲಿಲ್ಲ, ದೂರದಿಂದಲೇ ನೋಡಿದಳು.

"ಅತ್ತಿ, ನಾ ಬರೂತನಾ ಇದನ್ನ ಇಟ್ಟಿರು" ಎಂದಳು, ಒಡವೆ ಒತ್ತೆ ಇಡುವವರ ಹಾಗೆ.

"ಹೋಗು, ಹೊಳ್ಳಿ ಬಾ. ಇಟ್ಟಿರ್ತೇನಿ" ಎಂದಳು ದಾವಲಬಿ.

ಕೂಸಿಗೆ ಅಖ್ತರಬೇಗಂ ಎಂದು ಹೆಸರಿಟ್ಟರು. ಎಮ್ಮೆಯ ಹಾಲು ಒಗ್ಗಲಿಲ್ಲ, ಭೇದಿ ಹತ್ತಿತು. ಆಗ ಸರಕಾರಿ ನರ್ಸಬಾಯಿ ಸಿದ್ದಲಿಂಗವ್ವ ಹಾಲಿನ ಪುಡಿಯ ಡಬ್ಬಿ, ದೋಣಿಯಂಥ ಗಾಜಿನ ಬಾಟಲಿ ತಂದುಕೊಟ್ಟು, ಪುಡಿ ಎಷ್ಟು, ನೀರು ಎಷ್ಟು ಎಂದು ಕಲಿಸಿದಳು.

"ನೀರ ಮ್ಯಾಲ ಎಲ್ಲಾ ಐತಿ, ಮುದುಕಿ. ಊರಬಾವಿ ಬ್ಯಾಡ. ಮಂದಿ ಮೆಟ್ಟಲಾ ಇಳದು ಕಾಲ ಅದ್ದತಾರ, ನಾರುಹುಣ್ಣ ಆಗತಾವ. ಹಳ್ಳದಾಗ ದನಾ ಬಿಡ್ತಾರ. ಕಟ್ಟಿ ಇರೂ ಬಾವೀದು ತಗೊ, ಕುದಿಸು."

ಕಟ್ಟೆ, ನೀರು ಸೇದುವ ಗಡಗಡೆ ಎರಡೂ ಇದ್ದ ಬಾವಿ ಓಣಿಗೆ ಒಂದೇ. ಅದು ಪಕ್ಕದ ಮನೆಯ ಸಾತವ್ವನ ಹಿತ್ತಲಲ್ಲಿತ್ತು. ಒಂದು ಕಡೆ ಕೊಟ್ಟಿಗೆ, ಇನ್ನೊಂದು ಕಡೆ ಮೂರು ತಲೆಮಾರಿನ ತಿಪ್ಪೆ, ನಡುವೆ ಬಾವಿ. ನೀರು ಕನ್ನಡಿಯಂತೆ ತಿಳಿ. ಆ ನೀರು ಕುಡಿದ ಬದನೆಗಿಡ ಎದೆಮಟ್ಟ ಬೆಳೆದು ಎಲೆ ಕರ್ರಗೆ ಮಿರುಗುತ್ತಿತ್ತು. "ನಮ್ಮ ಬಾವಿ ಕಲ್ಲಿಗೂ ಚಿಗುರ ತರಸತೈತಿ" ಎನ್ನುವುದು ಸಾತವ್ವನ ದೊಡ್ಡಸ್ತಿಕೆ.

ದಾವಲಬಿ ಕೂಸಿನ ನೀರಿಗೆಂದೇ ಹೊಸ ಮಣ್ಣಿನ ಗಡಿಗೆ ತಂದಳು. ನರ್ಸಬಾಯಿ ಕುದಿಸು ಎಂದಿದ್ದಳು. ಎಷ್ಟು ಎಂದು ಹೇಳಿರಲಿಲ್ಲ. ತವರುಮನೆಯಲ್ಲಿ ಕುದಿಸುವುದೆಂದರೆ ಅರ್ಧಕ್ಕೆ ಇಳಿಸುವುದು. ಹಾಗಾಗಿ ಗಡಿಗೆ ಒಲೆಯ ಹಿಂಬದಿಯ ಸಣ್ಣ ಉರಿಯ ಮೇಲೆ ಹಗಲೆಲ್ಲ ಕುದಿಯುತ್ತಿತ್ತು. ನೀರು ಇಳಿದರೆ ಮೇಲೆ ಹೊಸ ನೀರು ಸುರಿಯುತ್ತಿದ್ದಳು. ತಳ ಕಾಣುವಂತೆ ಬರಿದು ಮಾಡಿದ್ದೇ ಇಲ್ಲ.

ಒಂದು ತಿಂಗಳು ಕೂಸು ನೆಟ್ಟಗೇ ಇತ್ತು. ಆಮೇಲೆ ಒಂದು ದಿನ ಹಾಲು ಕುಡಿದ ಮೇಲೆ ತುಟಿಯ ಅಂಚು ನೀಲಿಗಟ್ಟಿದ್ದನ್ನು ದಾವಲಬಿ ಕಂಡಳು. ಚಳಿ ಎಂದು ಹೊದಿಸಿದಳು. ಮರುದಿನ ಉಗುರು ಬೂದಿಯ ಬಣ್ಣಕ್ಕೆ ತಿರುಗಿತು. ನೀರಿನಲ್ಲಿ ಇನ್ನೂ ಏನೋ ಹುಳ ಉಳಿದಿದೆ ಎಂದು ಆಕೆ ಉರಿ ಹೆಚ್ಚಿಸಿ ಮತ್ತಷ್ಟು ಕುದಿಸಿದಳು. ಹೆಚ್ಚು ಕುದಿಸಿದಷ್ಟೂ ಕೂಸು ಕಂದಿತು. ಐದನೆಯ ದಿನ ತುಟಿ ನೇರಳೆ ಹಣ್ಣು ತಿಂದಂತಿತ್ತು, ಅತ್ತರೆ ಉಸಿರು ಸಾಲುತ್ತಿರಲಿಲ್ಲ.

ಅಂದು ಬೆಳಿಗ್ಗೆ ಸಿದ್ದಲಿಂಗವ್ವ ಬಂದು ಕೂಸಿನ ಎದೆಗೆ ಕಿವಿ ಇಟ್ಟು ಆಲಿಸಿದಳು.

"ಎದಿ ಬ್ಯಾನಿ ಇರಬೇಕು. ಬಿಜಾಪುರಕ್ಕ ಒಯ್ಯಬೇಕು. ಇವತ್ತಿನ ಮೋಟಾರ ಹೋತು. ನಾಳೆ ಏಳಕ್ಕ ಐತಿ."

"ನಾಳಿತನಾ ತಡಿತೈತೇನ್ರಿ?" ಎಂದ ಇಸಾಕ.

ನರ್ಸಬಾಯಿ ಕೂಸನ್ನು ಬಿಗಿಯಾಗಿ ಸುತ್ತಿ ದಾವಲಬಿಯ ಮಡಿಲಿಗೆ ಇಟ್ಟಳು. ಇಸಾಕ ಯಾವುದಾದರೂ ಜೀಪು ಸಿಕ್ಕೀತೇನೋ ಎಂದು ಸೈಕಲ್ ಹತ್ತಿ ಹೋದ.

ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಮಧ್ಯಾಹ್ನದ ಹಾಲಿನ ಹೊತ್ತು. ಬಾಟಲಿ ತುಂಬಿ ಆರಲು ಇಟ್ಟು, ದಾವಲಬಿ ದಿನದ ರೂಢಿಯಂತೆ ಗಡಿಗೆಯ ಕೊರಳು ಒರೆಸಿದಳು. ದಿನಾ ಬೆಳಗ್ಗೆ ಅಲ್ಲಿ ಬಿಳಿ ಬೂಷ್ಟು ಏಳುತ್ತಿತ್ತು. ಅರವತ್ತರ ಕಣ್ಣಿಗೆ ಅದು ಬೂದಿಯಾಗಿಯೇ ಕಂಡಿತ್ತು. ಒರೆಸುವ ಅರಿವೆ ತಿಂಗಳಿಂದ ಅದೇ. ಒಣಗಿ ಹಪ್ಪಳದಂತೆ ಸೆಟೆದಿತ್ತು. ಇನ್ನು ಇದರ ಹಂಗೇಕೆ ಎಂದು ಒಲೆಗೆ ಎಸೆದಳು.

ಅರಿವೆ ಸುಮ್ಮನೆ ಉರಿಯಲಿಲ್ಲ. ಸುರ್ ಎಂದಿತು. ಅಂಚಿನಿಂದ ಅಂಚಿಗೆ ಬೆಳ್ಳನೆಯ ಕಿಡಿ ಓಡಿತು, ಅಪ್ಪನ ಬಾಣದ ಬತ್ತಿಯಲ್ಲಿ ಓಡಿದ ಹಾಗೆ.

ದಾವಲಬಿ ಕುಂತಲ್ಲೇ ಕುಂತಳು. ಆಮೇಲೆ ಗಡಿಗೆಯ ಕೊರಳಲ್ಲಿ ಒರೆಸಿದರೂ ಉಳಿದಿದ್ದ ಬಿಳಿಪನ್ನು ಚಿಟಿಕೆ ಕೆರೆದು ನಾಲಿಗೆಗೆ ಇಟ್ಟುಕೊಂಡಳು. ಮೊದಲು ಉಪ್ಪು ಬಡಿಯಿತು. ಅದರ ಹಿಂದೆ, ನಾಲಿಗೆಯ ಅಡಿಯಲ್ಲಿ, ಒಂದು ತಣ್ಣನೆ ಬಂದು ಕುಳಿತಿತು. ನಲವತ್ತೈದು ವರ್ಷದ ಹಿಂದಿನ ತಣ್ಣನೆ. ಉಳಿದ ಚಿಟಿಕೆಯನ್ನು ಕೆಂಡಕ್ಕೆ ಹಾಕಿದಳು. ಚಟಪಟ ಎಂದಿತು, ಸುರ್ ಎಂದೂ ಅಂದಿತು.

ಮೂರು ತಲೆಮಾರಿನ ತಿಪ್ಪೆಯ ರಸ ಬಾವಿಗೆ ಇಳಿದಿದೆ. ಅಪ್ಪ ಕಡಾಯಿಯಲ್ಲಿ ಮಾಡಿದ್ದನ್ನೇ ತಾನು ಕೂಸಿನ ಗಡಿಗೆಯಲ್ಲಿ ಮಾಡಿದ್ದಳು, ಅದೂ ಇಷ್ಟು ಜತನದಿಂದ.

ಆಕೆ ಬಾಟಲಿಯ ಹಾಲನ್ನು ಅಂಗಳಕ್ಕೆ ಚೆಲ್ಲಿದಳು. ಅಷ್ಟರಲ್ಲಿ ಜೀಪು ಸಿಗದೆ ಇಸಾಕ ಬರಿಗೈಯಲ್ಲಿ ಬಂದ.

"ಅವ್ವಾ, ಕೂಸು ಹಸದೈತಿ, ಹಾಲು ಚೆಲ್ಲತಿ. ತಲಿ ಕೆಟ್ಟತೇನ?"

"ನೀರಾಗ ಸೋರಾ ಐತಿ. ಹಳ್ಳಕ್ಕ ಹೋಗು. ದನಾ ಇಳಿಯೂ ಜಾಗಾ ಬಿಟ್ಟು ಮ್ಯಾಲಿನ ಉಸುಕಿನಾಗ ವರತಿ ತೋಡು. ಮೊದಲಿನ ನೀರು ಎರಡ ಸಲ ಉಗ್ಗಿ ಚೆಲ್ಲು, ಆಮ್ಯಾಲ ಬಂದದ್ದನ್ನ ತಾ."

"ನರ್ಸಬಾಯಿ ಹಳ್ಳ ಬ್ಯಾಡ ಅಂದಾಳ. ಹೋದ ವರ್ಷ ಕಾಲರಾ ಅಲ್ಲಿಂದನ ಬಂತು."

"ಹಳ್ಳದ ನೀರಾಗ ಹುಳಾ ಇರತಾವ, ಕುದಿಸಿದ್ರ ಸಾಯ್ತಾವ. ಸೋರಾ ಸಾಯಂಗಿಲ್ಲ ಮಗನ. ಕುದಿಸಿದಷ್ಟೂ ಬಲೀತೈತಿ."

"ಮಣ್ಣ ನೆಕ್ಕಿದ್ದ ಮಾತಿಗೆ ಕೂಸಿನ ಜೀವಾ ಕೊಡ್ಲೇನು?"

ದಾವಲಬಿ ಗಡಿಗೆಯ ಕೊರಳಿಂದ ಇನ್ನೊಂದು ಚಿಟಿಕೆ ಕೆರೆದು ಅವನ ಕಣ್ಣೆದುರು ಕೆಂಡಕ್ಕೆ ಹಾಕಿದಳು. ಇಸಾಕ ಕೆಂಡವನ್ನೇ ನೋಡಿದ. ಕೊಡಪಾನ ಎತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಹೋದ.

ಹಳ್ಳ ಎರಡು ಮೈಲಿ. ವರತೆ ತೋಡಿ, ನೀರು ಊರಿ, ತಿಳಿಯಾಗಬೇಕು. ಅಷ್ಟು ಹೊತ್ತು ಹಸಿದ ಕೂಸನ್ನು ಹಾಲಿಲ್ಲದೆ ಹಿಡಿದು ಕೂರಬೇಕು. ಮೊದಲು ಅಖ್ತರ ಅತ್ತಳು. ಆ ಅಳು ಕೇಳಿ ಸಾತವ್ವ ಬಾಗಿಲಿಗೆ ಬಂದಳು.

"ಯಾಕ ದಾವಲಬಿ, ಕೂಸಿಗೆ ಉಪಾಸ ಕಲಸಾಕತ್ತಿ? ರೋಜಾ ಇನ್ನೂ ದೂರ ಐತಿ."

"ನಿಮ್ಮ ಬಾವಿ ನೀರು ಈಕಿಗೆ ಆಗಿ ಬರಲಿಲ್ಲ, ಅಕ್ಕಾ."

ಸಾತವ್ವನ ಮುಖ ಸಣ್ಣದಾಯಿತು. "ನಮ್ಮ ಮಾವಾ ಎಂಬತ್ತ ವರ್ಷ ಅದನ್ನ ಕುಡದಾನ. ನಾಲ್ಕ ಮಕ್ಕಳನ್ನ ಹಡದೇನಿ ನಾ. ನಮ್ಮ ನೀರಿಗೆ ಹೆಸರಿಡತಿ?"

"ನಿನ್ನ ಮಕ್ಕಳು ನಿನ್ನ ಎದಿ ಹಾಲು ಕುಡದ್ರು. ಈಕಿ ಬಾವೀನ ಕುಡದಾಳ, ಅದೂ ನಾ ಬತ್ತಿಸಿ ಕೊಟ್ಟದ್ದು. ನಿನ್ನ ಮ್ಯಾಲ ಹೊರಸಾಕತ್ತಿಲ್ಲ. ತಪ್ಪು ನಂದು."

ಸಾತವ್ವ ಸೆರಗು ಝಾಡಿಸಿ ಹೊರಟುಹೋದಳು.

ಆಮೇಲೆ ಕೂಸು ಅಳುವುದನ್ನು ನಿಲ್ಲಿಸಿತು. ಅದೇ ದಾವಲಬಿಗೆ ಹೆಚ್ಚು ಅಂಜಿಕೆ ತಂದದ್ದು. ಆಕೆ ಕೂಸಿನ ಅಂಗಾಲು ತಿಕ್ಕಿದಳು, ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿದಳು. ತಪ್ಪು ತಿಳಿದಿದ್ದರೆ? ನಿಜಕ್ಕೂ ಎದೆ ಬ್ಯಾನೆಯೇ ಆಗಿದ್ದು, ಇದ್ದ ಒಂದು ಹೊತ್ತಿನ ಹಾಲನ್ನೂ ಚೆಲ್ಲಿದ್ದರೆ? ಅಬಿದಾ ಗಾಡಿಯಿಂದ ನೋಡಿದ ನೋಟ ನೆನಪಾಯಿತು. ಬಾಗಿಲ ನೆರಳು ಹೊಸ್ತಿಲು ದಾಟಿ ಅಂಗಳಕ್ಕೆ ಬಂದಿತು, ಇಸಾಕ ಬರಲಿಲ್ಲ. ಕೊನೆಗೆ ಸೈಕಲ್ಲಿನ ಸಪ್ಪಳ ಕೇಳಿದಾಗ ಆಕೆ ಕೂಸನ್ನು ಚಾಪೆಯ ಮೇಲೆ ಮಲಗಿಸಿ ಒಲೆಯ ಉರಿ ಎಬ್ಬಿಸಿದಳು.

ಗಡಿಗೆಯನ್ನು ಮುಟ್ಟಲಿಲ್ಲ. ತಿಕ್ಕಿ ತೊಳೆದ ಪಾತೇಲಿಯಲ್ಲಿ ವರತೆಯ ನೀರನ್ನು ದಪ್ಪ ಅರಿವೆಯಲ್ಲಿ ಸೋಸಿ ಇಟ್ಟಳು. ಮರಳಿ ಮರಳಿ ಕುದಿ ಬಂದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಇಳಿಸಿ, ಮುಚ್ಚಿದಳು. ಬಾಟಲಿಯನ್ನೂ ಅದೇ ನೀರಿನಲ್ಲಿ ಕುದಿಸಿ ತೊಳೆದಳು. ಹಾಲು ಬೆರೆಸಿ, ಮೊಣಕೈ ಮೇಲೆ ಹನಿ ಬಿಟ್ಟು ನೋಡಿ, ಕೂಸಿನ ತುಟಿಗೆ ಹಿಡಿದಳು. ಅಖ್ತರ ಮೊದಲು ಚೀಪಲಿಲ್ಲ. ಇಸಾಕ ಗೋಡೆಯ ಕಡೆ ಮುಖ ಮಾಡಿದ. ಆಮೇಲೆ ಗುಟುಕು ಇಳಿದ ಸಪ್ಪಳ ಕೇಳಿ ತಿರುಗಿದ.

ಮರುದಿನ ಏಳರ ಮೋಟಾರಿಗೆ ಮೂವರೂ ಹತ್ತಿದರು. ಜೊತೆಗೆ ಕುದಿಸಿ ಮುಚ್ಚಿದ ವರತೆಯ ನೀರು, ಕಾಗದದ ಪೊಟ್ಟಣದಲ್ಲಿ ಗಡಿಗೆಯ ಬಿಳಿಪು. ಬಸವನ ಬಾಗೇವಾಡಿ ಬರುವಷ್ಟರಲ್ಲಿ ಬೆಳಕು ಚೆನ್ನಾಗಿ ಬಿದ್ದಿತ್ತು. ದಾವಲಬಿ ಕೂಸಿನ ತುಟಿಯನ್ನು ಕಿಟಕಿಗೆ ಹಿಡಿದು ನೋಡಿದಳು. ನೀಲಿ ಇತ್ತು, ಆದರೆ ನಿನ್ನೆಯ ನೀಲಿಯಲ್ಲ. ಮಗನಿಗೆ ಹೇಳಲಿಲ್ಲ; ದೃಷ್ಟಿಯಾದೀತು ಎಂದು ಸೆರಗು ಮುಚ್ಚಿದಳು.

ಬಿಜಾಪುರದ ಡಾಕ್ಟರು ಎದೆಯನ್ನು ಎರಡು ಸಲ ನೋಡಿ, ಎದೆಯಲ್ಲಿ ಏನೂ ಇಲ್ಲ ಎಂದರು. ಪೊಟ್ಟಣ ಬಿಚ್ಚಿದಾಗ, "ಬಾವಿ ತಿಪ್ಪಿ ಹತ್ರ ಐತೇನು?" ಎಂದು ಅವರೇ ಕೇಳಿದರು. ಎಳೆಗೂಸಿನ ಹೊಟ್ಟೆಗೆ ಸೋರಾ ಹೋದರೆ ರಕ್ತ ಉಸಿರು ಹೊರಲಾರದೆ ಮೈ ನೀಲಿಗಟ್ಟುತ್ತದೆ, ಇಂಥದ್ದನ್ನು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ ಎಂದರು. ಮೂರು ದಿನ ಇಟ್ಟುಕೊಂಡು ನೋಡಿ ಕಳಿಸಿದರು.

ಆಮೇಲೆ ಸಿದ್ದಲಿಂಗವ್ವ ಡಬ್ಬಿ ಹಾಲಿನ ಮನೆಗೆ ಹೋದಾಗೆಲ್ಲ ಬಾವಿಗೆ ಕಟ್ಟೆ ಇದೆಯೇ ಎಂದಷ್ಟೇ ಕೇಳುತ್ತಿರಲಿಲ್ಲ, ಸುತ್ತ ಏನಿದೆ ಎಂದು ನಡೆದು ನೋಡುತ್ತಿದ್ದಳು. "ನಾಲಿಗಿಗೆ ಗೊತ್ತಾಗೂ ಹೊತ್ತಿಗೆ ತಡಾ ಆಗಿರ್ತೈತಿ" ಎಂದು ದಾವಲಬಿಯೇ ಆಕೆಗೆ ಹೇಳಿದ್ದಳು. ಸಾತವ್ವ ನಾಲ್ಕು ತಿಂಗಳು ಮಾತು ಬಿಟ್ಟಿದ್ದಳು. ತಿಪ್ಪೆಯನ್ನು ಹೊಲಕ್ಕೆ ಸಾಗಿಸಿದ ದಿನ ಬದನೆಕಾಯಿ ತಂದು ದಾವಲಬಿಯ ಮನೆಯ ಕಟ್ಟೆಯ ಮೇಲೆ ಇಟ್ಟು ಹೋದಳು.

ಮಳೆಗಾಲ ಮುಗಿಯುತ್ತಿದ್ದಂತೆ ಅಬಿದಾ ಮಿರಜದಿಂದ ಬಂದಳು. ಮೈಕೈ ತುಂಬಿಕೊಂಡಿತ್ತು, ಕೆಮ್ಮು ಇರಲಿಲ್ಲ. ಹೊಸ್ತಿಲಲ್ಲೇ ನಿಂತು ಕೂಸಿಗೆ ಕೈ ಚಾಚಿದಳು. ದಾವಲಬಿ ಕೂಸನ್ನು ಕೊಡುವ ಮೊದಲು ಅದರ ಮುಷ್ಟಿ ಬಿಡಿಸಿ ಬಿಸಿಲಿಗೆ ಹಿಡಿದಳು.

"ಇದೇನತ್ತಿ, ಮಾರಿ ತೋರಸೂದು ಬಿಟ್ಟು ಉಗುರ ತೋರಸ್ತಿ" ಎಂದು ಅಬಿದಾ ನಕ್ಕಳು.

"ಮಾರಿ ಆಮ್ಯಾಲ ನೋಡುವಂತಿ. ಮೊದಲ ಇದನ್ನ ನೋಡು" ಎಂದಳು ದಾವಲಬಿ. ಐದೂ ಉಗುರು ಕೆಂಪಗಿದ್ದವು.