ಎರಡು ತಂಡ, ಒಂದೇ ಹಸಿರು ಜರ್ಸಿ

ಆ ವರ್ಷದ ಆಗಸ್ಟ್ ತಿಂಗಳ ನನ್ನ ಡೈರಿಯಲ್ಲಿ ಪ್ರತಿ ಪುಟದ ನಡುವೆ ಒಂದು ಗೆರೆ ಇದೆ. ಎಡಕ್ಕೆ ನಗರ ಗುಂಪು, ಬಲಕ್ಕೆ ಹೊರವಲಯ ಗುಂಪು. ನಾನಾಗ ನಗರದೊಳಗಿನ ಕಿಲೆಲೆಶ್ವಾ ಬಡಾವಣೆಯ ಫ್ಲ್ಯಾಟಿನಿಂದ ಶಾಲೆಗೆ ಹೋಗುತ್ತಿದ್ದೆ. ಬ್ಯಾಸ್ಕೆಟ್‌ಬಾಲ್ ಆಡಲು ಬರುತ್ತಿರಲಿಲ್ಲ, ಲೆಕ್ಕ ಇಡಲು ಬರುತ್ತಿತ್ತು. ಆಡುತ್ತಿದ್ದವಳು ಅಕ್ಕ. ಅವಳು ಊರಾಚೆಯ ಶಿಕ್ಷಕರ ತರಬೇತಿ ಕಾಲೇಜಿನ ಹಾಸ್ಟೆಲಿನಲ್ಲಿದ್ದಳು. ಆ ಕಾಲೇಜು ಹೊರವಲಯ ಗುಂಪಿನದು.

ಕಾಲೇಜು ಹುಡುಗಿಯರ ಲೀಗಿನಲ್ಲಿ ಇದ್ದದ್ದು ಈ ಎರಡೇ ಗುಂಪು. ವರ್ಷವಿಡೀ ತಂಡಗಳು ತಮ್ಮ ಗುಂಪಿನೊಳಗೇ ಆಡುತ್ತಿದ್ದವು. ಆಗಸ್ಟಿನಲ್ಲಿ ಎರಡೂ ಗುಂಪಿನಿಂದ ಮೊದಲ ನಾಲ್ಕು ತಂಡಗಳು ನಗರದ ಹರ್ಲಿಂಗ್‌ಹ್ಯಾಮ್ ಹತ್ತಿರದ ಒಂದು ಕಾಲೇಜಿನ ಅಂಗಳದಲ್ಲಿ ಸೇರಿ ಕೊನೆಯ ಪಂದ್ಯಾವಳಿ ಆಡುತ್ತಿದ್ದವು. ಯಾವ ಗುಂಪು ಬಲವಾದದ್ದು ಎಂದು ಗೊತ್ತಾಗುತ್ತಿದ್ದುದು ಆಗ ಮಾತ್ರ. ನಾನು ಅದನ್ನು ಬರೆದಿಡಲು ತೊಡಗಿದಂದಿನಿಂದ ಗೆಲುವುಗಳೆಲ್ಲ ಎಡಕ್ಕೇ ಬೀಳುತ್ತಿದ್ದವು.

ಮೇಲಿನ ಫ್ಲ್ಯಾಟಿನ ಡಾಕ್ಟರ್ ಅಂಕಲ್ ಪಂದ್ಯಾವಳಿಯ ಸಮಿತಿಯಲ್ಲಿದ್ದರು. ಮಂಗಳೂರಿನವರು, ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ಕನ್ನಡ. ಜುಲೈಯ ಒಂದು ಸಂಜೆ ಕಾಫಿಗೆ ಬಂದವರು ಲೋಟ ಕೆಳಗಿಡದೆ ಹೇಳಿದರು:

"ಹೊರಗಿನವರು ಬರ್ತಾರೆ, ಸೋಲ್ತಾರೆ, ಬಸ್ಸು ಹತ್ತಿ ಹೋಗ್ತಾರೆ, ಅವರಿಗೆ ನಾಲ್ಕು ಜಾಗ ಎಂತಕ್ಕೆ ಅಂತ ಸಮಿತಿಯಲ್ಲಿ ಕೇಳ್ತಾರೆ. ಈ ಸಲ ಅವರದ್ದು ಒಂದು ತಂಡವಾದರೂ ಫೈನಲಿಗೆ ಬರದಿದ್ರೆ ಮುಂದಿನ ವರ್ಷದಿಂದ ಒಂದೇ ಜಾಗವಂತೆ. ನಾನೊಬ್ಬ ಎಷ್ಟು ಅಂತ ವಾದ ಮಾಡುದು?"

ಅಕ್ಕನ ಕಾಲೇಜು ಗುಂಪಿನಲ್ಲಿ ಮೂರನೆಯದು. ಒಂದೇ ಜಾಗವಾದರೆ ಅವರಿಗೆ ಪಂದ್ಯಾವಳಿಯೇ ಇಲ್ಲ. ಪಂದ್ಯಾವಳಿ ಇಲ್ಲದಿದ್ದರೆ ಶನಿವಾರದ ಬಸ್ಸನ್ನು ಹಾಡುವ ತಂಡಕ್ಕೆ ಕೊಡುವುದಾಗಿ ಅವರ ಪ್ರಿನ್ಸಿಪಾಲರು ಆಗಲೇ ಹೇಳಿಬಿಟ್ಟಿದ್ದರು. ಬಸ್ಸಿಲ್ಲದೆ ತಂಡವೂ ಇರುವುದಿಲ್ಲ. ಮುಂದಿನ ವರ್ಷ ಅಕ್ಕನೇ ನಾಯಕಿಯಾಗಬೇಕಿತ್ತು.

ಪಂದ್ಯಾವಳಿಯ ಶನಿವಾರ ನಾಲ್ಕು ಪಂದ್ಯ, ನಾಲ್ಕೂ ನಗರಕ್ಕೂ ಹೊರವಲಯಕ್ಕೂ. ಮೋಡ ಕವಿದು ಚಳಿ ಹಿಡಿದಿತ್ತು. ಅಮ್ಮ ಬಂದಿರಲಿಲ್ಲ. ನಾನು ಸ್ವೆಟರಿನ ತೋಳೊಳಗೆ ಕೈ ಎಳೆದುಕೊಂಡು ಅಂಕಲ್ ಪಕ್ಕ ಕುಳಿತಿದ್ದೆ. ಮೊದಲ ಎರಡು ಪಂದ್ಯ ನಗರಕ್ಕೆ ಹೋದವು. ಮೂರನೆಯದರಲ್ಲಿ ಮಚಾಕೋಸ್ ಕಡೆಯ ಕಾಲೇಜು ನಗರ ಗುಂಪಿನ ಮೊದಲ ತಂಡವನ್ನೇ ಸೋಲಿಸಿತು. ನಾನು ಬಲಗಡೆ ಗೀಟು ಹಾಕಿ, ತಪ್ಪಿ ಹಾಕಿದೆನೇನೋ ಎಂದು ಮತ್ತೊಮ್ಮೆ ನೋಡಿದೆ.

ನಾಲ್ಕನೆಯದು ಅಕ್ಕನ ತಂಡದ್ದು. ಕೊನೆಯ ನಿಮಿಷದಲ್ಲಿ ಒಂದೇ ಪಾಯಿಂಟಿನಿಂದ ಮುಂದಿದ್ದರು. ಎದುರಾಳಿ ಹುಡುಗಿ ಎಸೆದ ಚೆಂಡು ಬುಟ್ಟಿಯ ಬಳೆಯ ಮೇಲೆ ಸುತ್ತು ಹೊಡೆದು, ಒಳಗೆ ಬೀಳಲೋ ಬೇಡವೋ ಎಂಬಂತೆ ನಿಂತು, ಹೊರಗೆ ಬಿತ್ತು. ಅಕ್ಕ ಅದನ್ನು ಹೊಟ್ಟೆಗೆ ಅವುಚಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಸೀಟಿ ಆಯಿತು.

ನಾಳೆಯ ಪಂದ್ಯಗಳನ್ನು ಡೈರಿಗೆ ಇಳಿಸುವಾಗ ನನ್ನ ಪೆನ್ನು ನಿಂತಿತು.

"ಅಂಕಲ್, ಬೆಳಗ್ಗೆ ಅಕ್ಕನವರು ಆಡೋದು ಮಚಾಕೋಸ್‌ನವರ ಜೊತೆ ಅಲ್ವಾ?"

"ಹೌದು."

"ಹಾಗಾದ್ರೆ ಯಾರು ಸೋತರೂ..."

"ಯಾರು ಗೆದ್ದರೂ ಅಂತ ಹೇಳು ಮಗಳೇ. ಸೋಲಿನಿಂದ ಯಾಕೆ ಶುರು ಮಾಡ್ತೀ?" ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮದೊಂದು ತಂಡ ಫೈನಲಿಗೆ ಹೋಗಿ ಆಯಿತು. ನಾಲ್ಕು ಜಾಗವೂ ಉಳಿಯಿತು."

ಮಟಾಟು ವ್ಯಾನಿನಲ್ಲಿ ಮನೆಗೆ ಬರುವಾಗ ಕಂಡಕ್ಟರ್ ಹಾಡು ಜೋರಾಗಿ ಹಾಕಿದ್ದ. ಅದು ನನಗೆ ಮೊದಲ ಸಲ ಇಷ್ಟವಾಯಿತು. ರಾತ್ರಿ ಅಡುಗೆಮನೆಯಲ್ಲಿ ಅಮ್ಮನಿಗೆ ಎಲ್ಲ ವಿವರಿಸಿದೆ. ಅವರು ಶೇಂಗಾ ಹುರಿಯುತ್ತಾ ಎರಡು ಸಲ ಹೂಂ ಅಂದರು.

ಭಾನುವಾರ ಅಮ್ಮ ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಚಿತ್ರಾನ್ನ ಹೊತ್ತು ಬಂದರು. ಅಕ್ಕನ ತಂಡದ್ದು ಹಸಿರು ಜರ್ಸಿ ಎಂಬುದು ಅವರಿಗೆ ಗೊತ್ತಿತ್ತು. ಮಚಾಕೋಸ್‌ನವರದ್ದೂ ಅದೇ ಹಸಿರು ಎಂಬುದು ಗೊತ್ತಿರಲಿಲ್ಲ. ಎರಡು ಹಸಿರು ಆಡುವಂತಿಲ್ಲವಾದ್ದರಿಂದ ಅಕ್ಕನ ತಂಡ ಯಾರದೋ ಹಳದಿ ಜರ್ಸಿ ಕೇಳಿ ತೊಡಲು ಒಳಗೆ ಹೋಗಿತ್ತು. ನಾನು ಅಂಕಲ್ ಹತ್ತಿರ ಹೋಗಿ ಬರುವುದರೊಳಗೆ ಅಮ್ಮ ಹಸಿರು ಹುಡುಗಿಯರನ್ನೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿ ಬಡಿಸುತ್ತಿದ್ದರು. "ಅಸಾಂಟೆ ಮಾಮಾ," ಎಂದು ಅಲ್ಲಿನ ಭಾಷೆಯಲ್ಲಿ ಥ್ಯಾಂಕ್ಸ್ ಹೇಳುತ್ತಾ ಅವರು ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದರು.

ಅಕ್ಕ ಹಳದಿಯಲ್ಲಿ ಹೊರಗೆ ಬಂದಳು. "ಅಮ್ಮಾ, ದೋಸ್ ಆರ್ ದಿ ಅದರ್ ಗರ್ಲ್ಸ್."

"ಹಸಿರು ಹಾಕಿದ್ರಲ್ಲೇ?"

"ದೇ ಆಲ್ಸೋ ವೇರ್ ಗ್ರೀನ್."

ಅಮ್ಮ ಡಬ್ಬಿಯೊಳಗೆ ಇಣುಕಿದರು. ತಳಕ್ಕೆ ಕರಿಬೇವು ಅಂಟಿಕೊಂಡಿತ್ತು, ಅಷ್ಟೇ.

ಪಂದ್ಯದಲ್ಲಿ ಹಸಿರು ಹುಡುಗಿಯರು ಕೊನೆಯವರೆಗೂ ದಣಿಯಲಿಲ್ಲ. ಅಕ್ಕನ ತಂಡ ಸೋತಿತು. ಸೀಟಿಯಾದ ಮೇಲೆ ಅಮ್ಮನ ಮುಖ ನೋಡಲಾಗುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ನನ್ನ ಕೈಯಾರೆ ಅವಳ ಆಟ ನಿಲ್ಲಿಸಿದೆನಲ್ಲೇ. ಇನ್ನು ಬಸ್ಸೂ ಹೋಯಿತು," ಎಂದರು.

ಅವರ ಹೂಂ ಎರಡೂ ಶೇಂಗಾಕ್ಕೆ ಹೇಳಿದ್ದು ಎಂದು ನನಗೆ ಆಗ ಅರ್ಥವಾಯಿತು. ಡೈರಿ ತೆಗೆದು ಅವರ ಮಡಿಲಲ್ಲಿಟ್ಟು ತೋರಿಸಿದೆ. ಇವರೂ ಬಲಗಡೆ, ಅವರೂ ಬಲಗಡೆ. ಮಧ್ಯಾಹ್ನದ ಫೈನಲಿಗೆ ಬಲಗಡೆಯವರು ಒಬ್ಬರು ಹೋಗುತ್ತಾರೆ. ಕೇಳಿದ್ದು ಅಷ್ಟೇ. ಮುಂದಿನ ವರ್ಷವೂ ನಾಲ್ಕು ಜಾಗ, ಮುಂದಿನ ವರ್ಷವೂ ಬಸ್ಸು.

ಅಮ್ಮ ಬೆರಳಿಟ್ಟು ಗೆರೆಯ ಎರಡೂ ಕಡೆ ಓದಿದರು. ನಂಬಿಕೆ ಬರಲಿಲ್ಲವೇನೋ, ಅಂಕಲ್ ಕಡೆ ನೋಡಿದರು.

"ಸರಿ ಉಂಟು ಅಕ್ಕಾ. ನಿಮ್ಮ ಹುಡುಗಿಯ ಲೆಕ್ಕ ಸರಿ ಉಂಟು. ನಿಮ್ಮ ಚಿತ್ರಾನ್ನ ಹೊರಗೆ ಎಲ್ಲಿಗೂ ಹೋಗಲಿಲ್ಲ, ಗುಂಪಿನೊಳಗೇ ಇದೆ. ನನಗೆ ಮಾತ್ರ ಸಿಗಲಿಲ್ಲ."

ಅಮ್ಮ ಉಸಿರು ಬಿಟ್ಟರು. "ಹಾಗಾದ್ರೆ ನಾನು ಹಾಕಿದ್ದು ನಮ್ಮವರಿಗೇ."

ಅಕ್ಕ ಬೆವರಿನ ಹಳದಿ ಜರ್ಸಿಯಲ್ಲೇ ಬಂದು ಅವರ ಹೆಗಲಿಗೆ ಒರಗಿದಳು. ಸೋತದ್ದಕ್ಕೆ ಕಣ್ಣು ಕೆಂಪಾಗಿತ್ತು, ಆದರೂ ನಗುತ್ತಿದ್ದಳು. "ನೆಕ್ಸ್ಟ್ ಟೈಮ್, ಅಮ್ಮಾ, ಚೆಕ್ ದಿ ಫೇಸ್."

ಫೈನಲನ್ನು ನಗರದವರೇ ಗೆದ್ದರು, ಸಲೀಸಾಗಿಯೇ. ಎಡಗಡೆ ಮತ್ತೊಂದು ಗೀಟು ಬಿತ್ತು. ಅಕ್ಕನ ತಂಡದವರು ಮಚಾಕೋಸ್‌ನವರ ಪಕ್ಕದಲ್ಲೇ ಕೂತು, ಗಂಟಲು ಕಟ್ಟುವ ತನಕ ಅವರಿಗಾಗಿ ಕೂಗಿದರು. ಸಮಿತಿ ತನ್ನ ಮಾತಿಗೆ ನಿಂತಿತು. ಹಾಡುವವರಿಗೆ ಶುಕ್ರವಾರ ಬಸ್ಸು ಸಿಕ್ಕಿತು.

ಮರುವರ್ಷ ಅಕ್ಕ ನಾಯಕಿಯಾಗಿ ಬಂದಳು. ನಾನು ಆ ಬೆಳಗ್ಗೆ ಡೈರಿಯಲ್ಲಿ ಗೆರೆ ಎಳೆಯುತ್ತಿದ್ದಾಗ ಅಮ್ಮ ಅಡುಗೆಮನೆಯಿಂದ ಕೇಳಿದರು:

"ಈ ಸಲ ಹಸಿರು ಎಷ್ಟು ತಂಡ?"

"ಎರಡೇ, ಅಮ್ಮ."

ಅವರು ಅಟ್ಟದಿಂದ ಇನ್ನೊಂದು ಡಬ್ಬಿ ಇಳಿಸುವ ಸದ್ದು ಕೇಳಿಸಿತು.