ಯಾರೂ ಹಾರಿಸದ ಎರಡು ಗುಂಡು

ದೆವ್ವ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಗುವವರಲ್ಲಿ ನಾನೇ ಮೊದಲಿಗ. ಡಾಕ್ಟರಾದವನು ಇಂಥದ್ದಕ್ಕೆಲ್ಲ ಕಿವಿಗೊಡಬಾರದು ಎಂಬ ಜಂಬ ನನಗಿತ್ತು. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟವೇನಿಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹಾಸನದ ಕಡೆಯವನಾದ ನಾನು ನಾಪೋಕ್ಲಿನ ಸರ್ಕಾರಿ ಡಿಸ್ಪೆನ್ಸರಿಗೆ ಬಂದಿದ್ದೆ. ಗದ್ದೆಬಯಲು ದಾಟಿದರೆ ಮಾದಪ್ಪನವರ ಮನೆ. ಮಿಲಿಟರಿಯಿಂದ ಬಂದು ಕಾಫಿ ತೋಟ ನೋಡಿಕೊಂಡಿದ್ದರು. ಅವರ ಒಬ್ಬಳೇ ಮಗಳು ತಂಗಮ್ಮ, ಆಗಷ್ಟೇ ಶಾಲೆಗೆ ಸೇರಿದವಳು, ಜ್ವರ ಬಿಡದೆ ಬಿಳಿಚಿಕೊಂಡಳು. ಮೈಸೂರಿನ ದೊಡ್ಡ ಡಾಕ್ಟರು ರಕ್ತದ ಕ್ಯಾನ್ಸರ್ ಎಂದರು. ಆಗ ಅದಕ್ಕೆ ಇದ್ದದ್ದು ಪರದೇಶದಿಂದ ಬರುವ ಒಂದೆರಡು ಬಗೆಯ ಮಾತ್ರೆ. ಅವು ರೋಗವನ್ನು ಕೆಲವು ತಿಂಗಳು ತಡೆಯುತ್ತಿದ್ದವು, ಅಷ್ಟೇ. ಮಾತ್ರೆ ಕೊಟ್ಟು ಮಗುವನ್ನು ನೋಡಿಕೊಳ್ಳುವ ಹೊಣೆ ನನ್ನ ಮೇಲೆ ಬಿತ್ತು.

ಕೊಡವರ ಮನೆಯಲ್ಲಿ ಸಾವಾದರೆ ಒಂದರ ಹಿಂದೊಂದು ಎರಡು ಗುಂಡು ಹಾರಿಸುತ್ತಾರೆ. ಕೇಳಿದವರು ಮಾಡುತ್ತಿದ್ದ ಕೆಲಸ ಬಿಟ್ಟು, ಬಿಳಿ ಬಟ್ಟೆ ಉಟ್ಟು ಆ ಮನೆಗೆ ಹೋಗಬೇಕು. ತಮಾಷೆಗೂ ಯಾರೂ ಹಾಗೆ ಹಾರಿಸುವುದಿಲ್ಲ.

ಕಾಫಿ ಕುಯ್ಲಿನ ಕಾಲ, ಮಧ್ಯಾಹ್ನದ ಹೊತ್ತು. ಮಾದಪ್ಪನವರ ಮನೆಯ ದಿಕ್ಕಿನಿಂದ ಎರಡು ಗುಂಡಿನ ಸದ್ದು ಕೇಳಿಸಿತು. ಕಾಂಪೌಂಡರ್ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟು, "ಹೋಯ್ತು ಕಾಣ್ತದೆ ಡಾಕ್ಟ್ರೇ, ಪಾಪದ ಮಗು" ಎಂದ. ನಾನು ಗದ್ದೆಯ ಬದುವಿನ ಮೇಲೆ ಓಡಿದೆ.

ಹೋಗಿ ನೋಡಿದರೆ ತಂಗಮ್ಮ ಜಗಲಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಾಳೆ! ನನ್ನ ಹಿಂದೆಯೇ ನೆರೆಹೊರೆಯವರು ಬಿಳಿ ಬಟ್ಟೆಯಲ್ಲಿ ಬಂದರು. ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಜೀಪು ತುಂಬ ಜನರನ್ನು ಕರೆತಂದರು. ಮಾದಪ್ಪ ಕೆಂಡವಾದರು. "ಯಾರು ಹೇಳಿದ್ದು ನಿಮಗೆ? ಇಲ್ಲಿ ಯಾರೂ ಗುಂಡು ಹೊಡೀಲಿಲ್ಲ. ನಮಗೆ ಕೇಳಿಸಲೂ ಇಲ್ಲ!" ಗೋಡೆಯ ಮೇಲಿದ್ದ ಕೋವಿ ತಂದು ನನ್ನ ಕೈಗೇ ಕೊಟ್ಟರು. ನಳಿಗೆ ಮೂಸಿದೆ. ಎಣ್ಣೆಯ ವಾಸನೆಯೇ ಹೊರತು ಸುಟ್ಟ ಮದ್ದಿನ ವಾಸನೆ ಇಲ್ಲ.

ಬಂದವರು ಹೊರಡಲು ತಿರುಗುವಷ್ಟರಲ್ಲೇ ತಂಗಮ್ಮನ ಮೂಗಿನಿಂದ ರಕ್ತ ಸುರಿಯತೊಡಗಿತು. ಒತ್ತಿ ಹಿಡಿದರೂ ನಿಲ್ಲಲಿಲ್ಲ, ಹತ್ತಿ ತುರುಕಿದರೂ ನಿಲ್ಲಲಿಲ್ಲ. ಈ ಕಾಯಿಲೆಯ ಮಕ್ಕಳು ಹೀಗೆಯೇ ಕೈಬಿಟ್ಟು ಹೋಗುತ್ತಾರೆಂದು ನನಗೆ ಗೊತ್ತಿತ್ತು. "ರಕ್ತ ಬೇಕು, ಯಾರು ಬರ್ತೀರಿ?" ಎಂದೆ. ಬೇರೆ ದಿನವಾಗಿದ್ದರೆ ಒಬ್ಬೊಬ್ಬರನ್ನೂ ತೋಟತೋಟದಲ್ಲಿ ಹುಡುಕಬೇಕಿತ್ತು. ಅಂದು ಎಲ್ಲರೂ ಅಲ್ಲೇ ಇದ್ದರು. ಹಿಡಿಸಿದಷ್ಟು ಜನ ಜೀಪು ಹತ್ತಿದರು. ಮಡಿಕೇರಿ ಆಸ್ಪತ್ರೆಯಲ್ಲಿ ರಕ್ತದ ಗುಂಪು ಹೊಂದಿದವರಿಂದ ರಕ್ತ ತೆಗೆದು ಮಗುವಿಗೆ ಕೊಟ್ಟೆವು. ಹೆಣ ಹೊರಲು ಬಂದವರು ತೋಳು ಚಾಚಿ ಮಲಗಿದ್ದನ್ನು ನೋಡಿ ನನಗೆ ಅಳು ಬಂತು.

ಆಮೇಲೆ ಸುತ್ತಲಿನ ತೋಟಗಳಲ್ಲೆಲ್ಲ ವಿಚಾರಿಸಿದೆ. ಕಾಡುಹಂದಿಗೆ ಯಾರಾದರೂ ಹೊಡೆದಿರಬಹುದೇ ಎಂದರೆ ಒಬ್ಬರೂ ಒಪ್ಪಲಿಲ್ಲ. ಊರಿಗೆಲ್ಲ ಕೇಳಿಸಿದ್ದು ಆ ಮನೆಯವರಿಗೆ ಮಾತ್ರ ಏಕೆ ಕೇಳಿಸಲಿಲ್ಲವೋ ಕಾಣೆ. ತಂಗಮ್ಮ ಮತ್ತೆ ಶಾಲೆಗೆ ಹೋದಳು. ಮುಂದಿನ ಮಳೆಗಾಲದಲ್ಲಿ ರೋಗ ಮರಳಿ ಬಂತು, ಮಾತ್ರೆ ನಾಟಲಿಲ್ಲ, ಮಗು ಉಳಿಯಲಿಲ್ಲ. ಈಗ ಇಂಥ ಮಕ್ಕಳು ಗುಣವಾಗಿ ದೊಡ್ಡವರಾಗುತ್ತಾರೆಂದು ಕೇಳಿದಾಗ ಸಂತೋಷವೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಮಡಿಕೇರಿಯ ಆ ಸಂಜೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಕಣ್ಣು ಬಿಟ್ಟ ತಂಗಮ್ಮ ಮಂಚದ ಸುತ್ತ ನಿಂತವರನ್ನು ಒಬ್ಬೊಬ್ಬರಾಗಿ ನೋಡಿ, "ಅಪ್ಪಾ, ಇವರನ್ನೆಲ್ಲ ಯಾರು ಕರೆದದ್ದು?" ಎಂದು ಕೇಳಿದಳು. ಮಾದಪ್ಪ ನನ್ನ ಮುಖ ನೋಡಿದರು. ನಾನು ಮಗುವಿನ ಕೈ ಹಿಡಿದು ನಾಡಿ ಎಣಿಸತೊಡಗಿದೆ.