ಒಳ್ಳೆ ವಾರದ ಅಪಾಯಿಂಟ್‌ಮೆಂಟು

ನಮ್ಮನೆಯಲ್ಲಿ ಯಾವ ಕಾರ್ಯಕ್ಕೂ ಪುರೋಹಿತರಿಗಿಂತ ಮೊದಲು ನನ್ನನ್ನೇ ಕೇಳ್ತಾರೆ. ಗೌರವದಿಂದಲ್ಲ ಕಣ್ರೀ. ಸತ್ಯನಾರಾಯಣ ಪೂಜೆ ಅಂದ ಕೂಡಲೇ ನಮ್ಮತ್ತೆ, "ಅವತ್ತು ನೀನು ಸರಿಯಾಗಿರ್ತೀಯಾ?" ಅಂತಾರೆ. ಸರಿಯಾಗಿರೋದು ಅಂದ್ರೆ ಮುಟ್ಟಾಗದೇ ಇರೋದು. ಹೀಗೆ ಲೆಕ್ಕ ಹಾಕಿ ಹಾಕಿ, ಮುಟ್ಟು ಮುಗಿದು ತಲೆಗೆ ನೀರು ಹಾಕ್ಕೊಂಡ ವಾರಕ್ಕೇ ಎಲ್ಲವನ್ನೂ ಗೊತ್ತು ಮಾಡೋದು ಅಭ್ಯಾಸವಾಗಿಬಿಟ್ಟಿದೆ. ಹಲ್ಲಿನ ಡಾಕ್ಟರಿಗೂ ಅದೇ ಮುಹೂರ್ತ.

ಸಹಕಾರನಗರದ ಆಪ್ತಸಲಹೆಗಾರರ ಹತ್ರ ಹೋಗೋದಕ್ಕೂ ಅದೇ ವಾರ ಆರಿಸಿದೆ. ಹೋಗೋದಕ್ಕೆ ಕಾರಣ ಇತ್ತು. ಮುಟ್ಟಿಗೆ ಮುಂಚೆ ಕೆಲವು ದಿನ ನಾನು ನಾನಾಗಿರಲ್ಲ. ಮಗಳು ಸ್ಕೂಲಲ್ಲಿ ನೀರಿನ ಬಾಟ್ಲಿ ಮರೆತು ಬಂದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗಾಡ್ತೀನಿ. ಆಮೇಲೆ ಬಚ್ಚಲಲ್ಲಿ ಕೂತು, ಈ ಮಗುವಿಗೆ ನಾನಿಲ್ಲದಿದ್ರೇ ವಾಸಿ ಅಂತ ಅಳ್ತೀನಿ. ಹಾಗನ್ನಿಸಿದಾಗ ನಿಜವಾಗ್ಲೂ ಭಯವಾಗತ್ತೆ.

ಸಲಹೆಗಾರರು ಮಹಾ ಸಂಪನ್ನರು. ನನ್ನ ಬಾಲ್ಯ, ನಮ್ಮಪ್ಪನ ಕೋಪ, ನನ್ನ ಕನಸು, ನಾವು ಸಾಕಿದ್ದ ನಾಯಿ ಸತ್ತದ್ದು, ಎಲ್ಲ ಕೆದಕಿದ್ರು. ಒಂದೇ ಒಂದು ಸಲ ಮೂಲೆಯ ಮನಿಪ್ಲಾಂಟನ್ನು ನೋಡ್ತಾ, "ಮತ್ತೆ... ಆ ಕಡೆ ಎಲ್ಲ ರೆಗ್ಯುಲರ್ ತಾನೇ ಮೇಡಂ?" ಅಂದ್ರು. ಹೂಂ ಅಂದೆ. ಹೆಬ್ಬಾಳದ ಟ್ರಾಫಿಕ್ ಜಾಮ್ ದಾಟಿದವರ ಹಾಗೆ ಉಸಿರುಬಿಟ್ಟು ವಾಪಸ್ ನಾಯಿಗೆ ಬಂದ್ರು. ಮನಸ್ಸಿನ ಪಾತಾಳಕ್ಕೆಲ್ಲ ಇಳಿಯೋ ಧೀರರಿಗೆ ಹೊಕ್ಕುಳಿನ ಕೆಳಗೆ ಮಾತ್ರ ರೋಡ್ ಕ್ಲೋಸ್!

ನಾನೂ ಬಿಡಿ, ಒಳ್ಳೆ ವಾರದಲ್ಲಿ ಬಚ್ಚಲಿನ ಅಳು ನೆನೆದ್ರೆ ನಾಚಿಕೆಯಾಗಿ ಬಾಯಿ ಬಿಡ್ತಿರಲಿಲ್ಲ. ಪ್ರತಿ ತಿಂಗಳೂ ಮಲ್ಲಿಗೆ ಮುಡಿದು ನಗುನಗ್ತಾ ಹೋಗೋದು, "ಇಂಪ್ರೂವ್‌ಮೆಂಟ್ ಕಾಣ್ತಿದೆ" ಅಂತ ಅವರೂ ಹಿಗ್ಗೋದು. ಆಮೇಲೆ ಮನೇಲಿ ಮತ್ತದೇ ಬಚ್ಚಲು.

ಹೋದ ತಿಂಗಳು ಸಲಹೆಗಾರರ ಮನೇಲಿ ಯಾವುದೋ ಮದುವೆ ಬಂದು ನನ್ನ ಅಪಾಯಿಂಟ್‌ಮೆಂಟು ಎರಡು ವಾರ ಮುಂದಕ್ಕೆ ಹೋಯ್ತು. ಹೋಗಿ ಬಿದ್ದದ್ದು ಸರಿಯಾಗಿ ಕೆಟ್ಟ ವಾರಕ್ಕೆ. "ಹೇಗಿದೀರಾ?" ಅಂದದ್ದಕ್ಕೇ ಅಳು ಕಿತ್ತುಕೊಂಡು ಬಂತು. ನಾನಿಲ್ಲದಿದ್ರೇ ವಾಸಿ ಅನ್ನಿಸೋದನ್ನೂ ಹೇಳಿಬಿಟ್ಟೆ. ಈ ಸಲ ಅವರು ಮನಿಪ್ಲಾಂಟ್ ಕಡೆ ತಿರುಗಲಿಲ್ಲ.

"ಇದು ಪ್ರತಿ ಸಲ ಮುಟ್ಟಿಗೆ ಮುಂಚೆ ಬರತ್ತಾ?" ಅಂದ್ರು. ಆ ಪದ ಅವರ ಬಾಯಿಂದ ಬಂದರೂ ಚಾವಣಿ ಕಳಚಿ ಬೀಳಲಿಲ್ಲ.

"ಪ್ರತಿ ಸಲ."

"ಇದಕ್ಕೆ ಚಿಕಿತ್ಸೆ ಇದೆ ಮೇಡಂ. ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವು ನಾಯಿ ವಿಷಯ ಕೇಳ್ತಿದ್ರಿ" ಅಂದೆ.

ಅವರ ಮುಖ ಕೆಂಪಾಯ್ತು. ಹೊರಗೆ ಬಂದಾಗ ರಿಸೆಪ್ಷನ್ ಹುಡುಗಿ, "ಮುಂದಿನ ತಿಂಗಳು ಯಾವಾಗ ಬರ್ತೀರಾ ಮೇಡಂ?" ಅಂದಳು. ಅಭ್ಯಾಸಬಲದಿಂದ ಬೆರಳು ಮಡಿಸಿ ಲೆಕ್ಕ ಹಾಕೋಕೆ ಶುರು ಮಾಡಿದವಳು, ತಡೆದು, "ನಾನು ಸರಿಯಾಗಿಲ್ಲದ ವಾರವೇ ಕೊಡಮ್ಮ" ಅಂದೆ.